‘ಚಿತ್ರಕೃಪೆ: ಅಂತರ್ಜಾಲ’ ಸಾಲದು ರೀ

ಅಷ್ಟೂರಿನ ಗುಮ್ಮಟಗಳು, ಬೀದರ್ ಕೋಟೆ, ಕಲಬುರಗಿಯ ಜಾಮಿ ಮಸೀದಿ, ಸನ್ನತಿಯ ಶಿಲ್ಪಗಳು. ನಮ್ಮ ಕಡೆಯ ಫೇಸ್‌ಬುಕ್ ಪೇಜು, ಕಾಲೇಜಿನ ಸ್ಮರಣ ಸಂಚಿಕೆ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಫ್ಲೆಕ್ಸ್, ಯಾವುದನ್ನು ನೋಡಿದರೂ ಇವುಗಳಲ್ಲಿ ಒಂದರ ಫೋಟೊ ಇರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ‘ಚಿತ್ರಕೃಪೆ: ಅಂತರ್ಜಾಲ’. ಕೇಳಿದರೆ, “ನೆಟ್‌ನಾಗ ಸಿಕ್ಕದ್ರಿ, ಹಾಕೀವಿ” ಅನ್ನುತ್ತಾರೆ. ಅಂತರ್ಜಾಲ ಯಾವತ್ತೂ ಕ್ಯಾಮೆರಾ ಹಿಡಿದಿಲ್ಲ. ಆ ಸಾಲಿನಿಂದ ತಿಳಿಯುವುದು ಒಂದೇ: ಫೋಟೊ ನಮ್ಮದಲ್ಲ ಎಂದು ಗೊತ್ತಿತ್ತು, ಯಾರದೆಂದು ಹುಡುಕುವ ಗೋಜಿಗೆ ಹೋಗಲಿಲ್ಲ.

1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೊದ ಕರ್ತೃ ಅದನ್ನು ತೆಗೆದವರು. ಬಟನ್ ಒತ್ತಿದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, ಮೂಲೆಯಲ್ಲಿ ವಾಟರ್‌ಮಾರ್ಕ್ (ಫೋಟೊದ ಮೇಲೆ ಮೂಡಿಸಿದ ಹೆಸರಿನ ಗುರುತು) ಇರಬೇಕೆಂದೂ ಇಲ್ಲ. ಕೆಲವು ಕಡೆ ಲೆಕ್ಕ ಬದಲಾಗುತ್ತದೆ, ಮುಖ್ಯವಾದ ಎರಡು ಇಲ್ಲಿವೆ. ಪತ್ರಿಕೆಯ ನೌಕರಿಯಲ್ಲಿರುವ ಫೋಟೊಗ್ರಾಫರ್ ಪತ್ರಿಕೆಗಾಗಿ ತೆಗೆದದ್ದರ ಪ್ರಕಟಣೆಯ ಹಕ್ಕು ಪತ್ರಿಕೆಯ ಮಾಲೀಕರದು. ಹಣ ಕೊಟ್ಟು ತೆಗೆಸಿಕೊಂಡ ಫೋಟೊ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು. ಅಂದರೆ ಮದುವೆ ಆಲ್ಬಂನ ಫೋಟೊವನ್ನು ಸ್ಟುಡಿಯೊದವರು ತಮ್ಮ ಜಾಹೀರಾತಿಗೆ ಹಾಕಬೇಕಾದರೆ ಮದುವೆ ಮನೆಯವರನ್ನು ಕೇಳಬೇಕು. ಇದು ಎಷ್ಟೋ ಸ್ಟುಡಿಯೊಗಳಿಗೇ ಗೊತ್ತಿಲ್ಲ.

“ಕೋಟೆ ಸರ್ಕಾರದ್ದು, ಅದರ ಫೋಟೊಕ್ಕೆ ಎಂಥಾ ಹಕ್ಕು?” ಎಂಬ ವಾದವೂ ಇದೆ. ಕಟ್ಟಡದ ಫೋಟೊ ತೆಗೆಯಲು, ಸಾರ್ವಜನಿಕ ಜಾಗದಲ್ಲಿ ಕಾಯಂ ನಿಂತಿರುವ ಮೂರ್ತಿಯ ಫೋಟೊ ತೆಗೆಯಲು ಕಲಂ 52 ಅವಕಾಶ ಕೊಡುತ್ತದೆ, ನಿಜ. ಆದರೆ ಆ ಅವಕಾಶ ಇರುವುದು ನೀವೇ ಹೋಗಿ ತೆಗೆಯುವುದಕ್ಕೆ, ಇನ್ನೊಬ್ಬರು ತೆಗೆದದ್ದನ್ನು ಎತ್ತಿಕೊಳ್ಳುವುದಕ್ಕಲ್ಲ. ಇನ್ನೊಂದು ಸೂಕ್ಷ್ಮ: ಈ ವಿನಾಯಿತಿ ಮೂರ್ತಿಗೆ ಸಿಕ್ಕಷ್ಟು ಸಲೀಸಾಗಿ ಗೋಡೆ ಚಿತ್ರಕ್ಕೆ ಸಿಗುವುದಿಲ್ಲ. ನಗರದ ಗೋಡೆಗಳ ಮೇಲೆ ಈಚೆಗೆ ಬರೆಸಿದ ಚಿತ್ರಗಳನ್ನು ಕ್ಯಾಲೆಂಡರ್‌ಗೆ ಹಾಕುವ ಮುನ್ನ ಕಲಾವಿದರನ್ನು ಕೇಳಿ.

ಈಗ ಹುಡುಕುವ ಕೆಲಸ. ಇದರಲ್ಲೇ ಅರ್ಧ ಜನ ಸೋಲುವುದು. ಫೋಟೊವನ್ನು ಮೊದಲು ಗೂಗಲ್ ಲೆನ್ಸ್‌ಗೆ ಕೊಡಿ, ಆಮೇಲೆ ಟಿನ್‌ಐಗೆ. ಕೊಟ್ಟ ಫೋಟೊ ನೆಟ್‌ನಲ್ಲಿ ಇನ್ನೆಲ್ಲಿ ಇದೆ ಎಂದು ಇವೆರಡೂ ಹುಡುಕಿಕೊಡುತ್ತವೆ. ಟಿನ್‌ಐನಲ್ಲಿ ಫಲಿತಾಂಶಗಳನ್ನು ‘ಅತಿ ಹಳೆಯದು’ ಮತ್ತು ‘ಅತಿ ದೊಡ್ಡ ಚಿತ್ರ’ ಎಂದು ಜೋಡಿಸಬಹುದು. ಎರಡನ್ನೂ ನೋಡಬೇಕು, ಏಕೆಂದರೆ ಅಲ್ಲಿ ‘ಹಳೆಯದು’ ಎಂದರೆ ಟಿನ್‌ಐ ಕಣ್ಣಿಗೆ ಮೊದಲು ಬಿದ್ದದ್ದು ಅಷ್ಟೇ, ಮೊದಲು ಪ್ರಕಟವಾದದ್ದೇ ಆಗಬೇಕಿಲ್ಲ. ಹೆಚ್ಚು ನಂಬಬಹುದಾದ ಗುರುತು ಗಾತ್ರ ಮತ್ತು ಅಂಚು: ಕದ್ದ ಪ್ರತಿ ಸಣ್ಣದಾಗಿರುತ್ತದೆ, ವಾಟರ್‌ಮಾರ್ಕ್ ಇದ್ದ ಮೂಲೆ ಕತ್ತರಿಸಿ ಹೋಗಿರುತ್ತದೆ. ಏನೂ ಸಿಗದಿದ್ದರೆ ಫೋಟೊವನ್ನು ಎಡ-ಬಲ ತಿರುಗಿಸಿ ಮತ್ತೆ ಹುಡುಕಿ. ಸಿಕ್ಕಿಬೀಳಬಾರದೆಂದು ತಿರುಗಿಸಿ ಹಾಕುವವರಿದ್ದಾರೆ. ಫಲಕದ ಅಕ್ಷರ ಉಲ್ಟಾ ಕಂಡರೆ ಗೊತ್ತಾಗುತ್ತದೆ. ವಾಟ್ಸ್ಯಾಪ್‌ನಲ್ಲಿ ಬಂದ ಫೋಟೊದೊಳಗೆ ಕ್ಯಾಮೆರಾ, ದಿನಾಂಕದ ಮಾಹಿತಿ ಹುಡುಕಿ ಪ್ರಯೋಜನವಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸದ ಹೊರತು ವಾಟ್ಸ್ಯಾಪ್ ಅದನ್ನು ಒರೆಸಿಬಿಡುತ್ತದೆ. ಜನ ಅಲ್ಲಿ ಇಲ್ಲಿ ಕಂಡ ಚಿತ್ರಗಳನ್ನು ಕೂಡಿಡುವ ಪಿಂಟರೆಸ್ಟ್ ಮೂಲವಲ್ಲ, ಅಲ್ಲಿಂದ ಇನ್ನೂ ಹಿಂದಕ್ಕೆ ಹೋಗಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿ ಜನ ಹಾಕಿದ ಫೋಟೊ ಹಾಕಿದವರದೇ, ಗೂಗಲ್‌ನದಲ್ಲ.

ಇಷ್ಟು ಹುಡುಕಿದರೂ ಮೂಲ ಸಿಗಲಿಲ್ಲವೆಂದರೆ ಆ ಫೋಟೊ ಬಿಡಿ. ಬೀದರ್ ಕೋಟೆಗೆ ಫೋಟೊಗಳ ಬರವೇನಿಲ್ಲ.

ಬರವಿಲ್ಲದ ಜಾಗ ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಗಳ ಭಂಡಾರ. ಅಲ್ಲಿ ಪ್ರತಿ ಫೋಟೊದ ಪುಟದಲ್ಲೂ ತೆಗೆದವರ ಹೆಸರು ಮತ್ತು ಲೈಸೆನ್ಸ್ ಇರುತ್ತವೆ. ಹೆಚ್ಚಿನವು ಸಿಸಿ ಬಿವೈ ಅಥವಾ ಸಿಸಿ ಬಿವೈ-ಎಸ್‌ಎ. ಸಿಸಿ ಎಂದರೆ ಕ್ರಿಯೇಟಿವ್ ಕಾಮನ್ಸ್, ಷರತ್ತು ಪಾಲಿಸಿದರೆ ಯಾರು ಬೇಕಾದರೂ ಬಳಸಲು ಮುಂಚೆಯೇ ಕೊಟ್ಟ ಒಪ್ಪಿಗೆ. ಮೊದಲನೆಯದಕ್ಕೆ ಕೆಳಗೆ ಹೇಳಿದ ಕ್ರಮದಲ್ಲಿ ಹೆಸರು ಹಾಕಿದರೆ ಸಾಕು. ಎಸ್‌ಎ ಇದ್ದರೆ, ಆ ಫೋಟೊದ ಮೇಲೆ ನೀವು ಮಾಡಿದ ಪೋಸ್ಟರನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಫ್ಲಿಕರ್‌ನಂಥ ಫೋಟೊ ತಾಣಗಳಲ್ಲಿ ಎನ್‌ಸಿ (ವ್ಯಾಪಾರಕ್ಕಲ್ಲ), ಎನ್‌ಡಿ (ಮಾರ್ಪಾಡಿಲ್ಲ) ಎಂಬುವೂ ಸಿಗುತ್ತವೆ. ಎನ್‌ಸಿ ಇದ್ದರೆ ಕೋಚಿಂಗ್ ಕ್ಲಾಸಿನ, ಸೀರೆ ಅಂಗಡಿಯ ಬ್ಯಾನರ್‌ಗೆ ಬಳಸುವಂತಿಲ್ಲ. ಎನ್‌ಡಿ ಇದ್ದರೆ ಮಾರ್ಪಡಿಸಿ ಹಂಚುವಂತಿಲ್ಲ, ಹಾಗಾಗಿ ಮೇಲೆ ಅಕ್ಷರ ಕೂರಿಸುವ ಪೋಸ್ಟರ್‌ಗೆ ಅದನ್ನು ಮುಟ್ಟದಿರುವುದೇ ಒಳ್ಳೆಯದು. ಗೂಗಲ್ ಇಮೇಜಸ್‌ನ ಟೂಲ್ಸ್, ಯೂಸೇಜ್ ರೈಟ್ಸ್‌ಗೆ ಹೋಗಿ ಕ್ರಿಯೇಟಿವ್ ಕಾಮನ್ಸ್ ಒತ್ತಿದರೆ ಸೋಸಿ ಕೊಡುತ್ತದೆ, ಆದರೆ ಅದು ಆಯಾ ಸೈಟು ಹೇಳಿಕೊಂಡದ್ದನ್ನೇ ನಂಬುತ್ತದೆ. ಪುಟ ತೆರೆದು ಕಣ್ಣಾರೆ ಓದಿ.

ಹೆಸರು ಹಾಕುವ ಕ್ರಮ ಹೀಗೆ:

“ಶರ್ಜಾ ದರ್ವಾಜಾ, ಬೀದರ್ ಕೋಟೆ. ಚಿತ್ರ: ತೆಗೆದವರ ಹೆಸರು, ವಿಕಿಮೀಡಿಯ ಕಾಮನ್ಸ್, ಸಿಸಿ ಬಿವೈ-ಎಸ್‌ಎ 4.0. ಅಂಚು ಕತ್ತರಿಸಲಾಗಿದೆ.”

ನೆಟ್‌ನಲ್ಲಾದರೆ ಮೂಲಪುಟಕ್ಕೂ ಲೈಸೆನ್ಸ್‌ಗೂ ಲಿಂಕ್ ಕೊಡಿ. ಮುದ್ರಣದಲ್ಲಿ ವಿಳಾಸ ಬರೆಯಿರಿ. ತೆಗೆದವರು ಬಳಸಿದ ಹೆಸರೇ ಇರಲಿ, ಅದು ಅಡ್ಡಹೆಸರಾದರೂ ಸರಿ. ಹೆಸರು ಮರೆತರೆ ಲೈಸೆನ್ಸೇ ರದ್ದಾಗುತ್ತದೆ. 4.0 ಆವೃತ್ತಿಯಲ್ಲಿ ಮಾತ್ರ, ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ತಾನಾಗಿ ಊರ್ಜಿತವಾಗುತ್ತದೆ, 2.0, 3.0ರಲ್ಲಿ ಆ ಅವಕಾಶವಿಲ್ಲ.

ಲೈಸೆನ್ಸ್ ಇಲ್ಲದ ಫೋಟೊಕ್ಕೆ ಹೆಸರು ಹಾಕಿದರೆ ಸಾಲದು, ಒಪ್ಪಿಗೆ ಬೇಕು. ಮರ್ಯಾದೆ ಬೇರೆ, ಅನುಮತಿ ಬೇರೆ. ಕೇಳುವಾಗ ಸುತ್ತಿಬಳಸದೆ ಬರೆಯಿರಿ: “ನಮಸ್ಕಾರ ರೀ. ಅಷ್ಟೂರಿನ ಚೌಖಂಡಿಯ ನಿಮ್ಮ ಈ ಫೋಟೊವನ್ನು ನಮ್ಮ ಕಾಲೇಜಿನ ಸಂಚಿಕೆಯ ಮುಖಪುಟಕ್ಕೆ ಹಾಕಬೇಕೆಂದಿದ್ದೇವೆ. 500 ಪ್ರತಿ, ಮಾರಾಟಕ್ಕಲ್ಲ, ಒಂದೇ ಸಲ. ಒಪ್ಪಿಗೆ ಇದ್ದರೆ ಹೆಸರು ಹೇಗೆ ಹಾಕಬೇಕು, ಸಂಭಾವನೆ ಎಷ್ಟು ತಿಳಿಸ್ರಿ.” ಫೋಟೊದ ಲಿಂಕ್ ಜೊತೆಗಿರಲಿ. ಉತ್ತರ ಬರದಿದ್ದರೆ ಅದು ಒಪ್ಪಿಗೆಯಲ್ಲ. ಫೋನಿನಲ್ಲಿ “ಹಾಕ್ಕೋರಿ” ಅಂದದ್ದನ್ನೂ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಕಾಯ್ದೆಯೂ ಲೈಸೆನ್ಸ್ ಬರವಣಿಗೆಯಲ್ಲಿರಬೇಕು ಅನ್ನುತ್ತದೆ. ಅವಧಿ ಬರೆಯದಿದ್ದರೆ ಅದನ್ನು 5 ವರ್ಷ ಎಂದು ಎಣಿಸುತ್ತಾರೆ.

ಕೇಳಿದರೆ ಇನ್ನೊಂದು ಲಾಭವಿದೆ. ವಾಟ್ಸ್ಯಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೊದ ಉದ್ದ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಹತ್ತಡಿ ಫ್ಲೆಕ್ಸ್ ಎಂದರೆ 120 ಇಂಚು. ಇಂಚಿಗೆ ಬರೀ 13 ಪಿಕ್ಸೆಲ್, ಗುಮ್ಮಟದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಮೂಲ ಫೈಲ್ 6000 ಪಿಕ್ಸೆಲ್ ಅಗಲ ಇರುತ್ತದೆ; ಇಂಚಿಗೆ 50 ಸಿಗುತ್ತದೆ, ರಸ್ತೆ ಬದಿಯ ಫ್ಲೆಕ್ಸ್‌ಗೆ ಅಷ್ಟು ಸಾಕು. ಆ ಫೈಲ್ ಇರುವುದು ತೆಗೆದವರ ಹತ್ತಿರ ಮಾತ್ರ.

ನಿಜಾಮರ ಕಾಲದ ಫೋಟೊಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 1951ರ ಕೊನೆಯೊಳಗೆ ಭಾರತದಲ್ಲಿ ಪ್ರಕಟವಾದ ಫೋಟೊಗಳ ಅವಧಿ ಮುಗಿದಿದೆ. 2012ರ ತಿದ್ದುಪಡಿಗೆ ಮುಂಚೆ ಪ್ರಕಟಣೆಯಿಂದ 60 ವರ್ಷದ ಲೆಕ್ಕವಿತ್ತು. ಅದರ ನಂತರ ತೆಗೆದವರ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ. ವಿಮರ್ಶೆ, ಪ್ರಚಲಿತ ಸುದ್ದಿ, ತರಗತಿಯ ಪಾಠಕ್ಕೆ ವಿನಾಯಿತಿಗಳಿವೆ. ಶಾಲೆಯ ಅಡ್ಮಿಷನ್ ಬ್ಯಾನರ್ ಪಾಠವಲ್ಲ.

ವಾಟರ್‌ಮಾರ್ಕ್ ಅಳಿಸುವ ಆ್ಯಪ್‌ಗಳ ವಿಷಯಕ್ಕೆ ಬಂದರೆ ನನಗೆ ತಾಳ್ಮೆಯೇ ಇಲ್ಲ. ಗೊತ್ತಿದ್ದೂ ಹೆಸರು ಅಳಿಸುವುದು ಕಾಪಿರೈಟ್ ಕಾಯ್ದೆಯ ಕಲಂ 65ಬಿ ಪ್ರಕಾರ ಪ್ರತ್ಯೇಕ ಅಪರಾಧ, ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಬಿದ್ರಿ ಕುಶಲಕರ್ಮಿಗಳ ಹೂಜಿಯ ಫೋಟೊ ಎತ್ತಿ, ಹೆಸರು ಅಳಿಸಿ, ಅದರಡಿ ಬೇರೆ ಮಾಲು ಮಾರುವವರಿಗೆ ಇದನ್ನು ತೋರಿಸಬೇಕು.

ನಿಮ್ಮದೇ ಫೋಟೊ ಕಳುವಾದರೆ ಮೊದಲು ಸ್ಕ್ರೀನ್‌ಶಾಟ್, ಅದರಲ್ಲಿ ಪುಟದ ವಿಳಾಸ ಮತ್ತು ದಿನಾಂಕ ಕಾಣಬೇಕು. ಕಾಮೆಂಟ್‌ನಲ್ಲಿ ಜಗಳ ತೆಗೆದರೆ ಅವರು ಪೋಸ್ಟ್ ಅಳಿಸಿ ಕೂರುತ್ತಾರೆ, ಸಾಕ್ಷಿ ಹೋಗುತ್ತದೆ. ಆಮೇಲೆ ಅವರ ಇನ್‌ಬಾಕ್ಸ್‌ಗೆ ಒಂದು ಸಂದೇಶ. ಕೇಳದಿದ್ದರೆ ಆಯಾ ತಾಣದ ಕಾಪಿರೈಟ್ ಫಾರ್ಮ್ ತುಂಬಿ. 2013ರ ಕಾಪಿರೈಟ್ ನಿಯಮಗಳ ಪ್ರಕಾರ ಲಿಖಿತ ದೂರು ಒಪ್ಪಿಗೆಯಾದರೆ ತಾಣ 36 ಗಂಟೆಯೊಳಗೆ ಫೋಟೊ ತಡೆಹಿಡಿಯಬೇಕು. 21 ದಿನದೊಳಗೆ ನೀವು ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೋರಿಸಬಹುದು. ಫೋಟೊ ನಿಮ್ಮದೆಂದು ಸಾಧಿಸಲು ಕ್ಯಾಮೆರಾದ ಮೂಲ ಫೈಲ್, ಅದರ ಹಿಂದು ಮುಂದಿನ ನಾಲ್ಕಾರು ಫೋಟೊಗಳ ಸಮೇತ, ಅಳಿಸದೆ ಇಟ್ಟುಕೊಳ್ಳಿ. ಪೇಜಿಗೆ ಏರಿಸುವುದು 1200 ಪಿಕ್ಸೆಲ್‌ನ ಪ್ರತಿ ಇದ್ದರೆ ಸಾಕು.