ಇಪ್ಪತ್ನಾಲ್ಕು ಆರ್ಟರಿ ಫೋರ್ಸೆಪ್ಸ್

ಕಳೆದ ವಾರ ಸಕಲೇಶಪುರದ ಕಡೆಯ ನರ್ಸಿಂಗ್ ಹೋಮೊಂದರಿಂದ ಹಾಸನದ ನನ್ನ ಚಿಕ್ಕ ವರ್ಕ್‌ಶಾಪಿಗೆ ಇಪ್ಪತ್ನಾಲ್ಕು ಆರ್ಟರಿ ಫೋರ್ಸೆಪ್ಸ್, ಅಂದರೆ ಆಪರೇಷನ್ನಿನಲ್ಲಿ ರಕ್ತನಾಳವನ್ನು ಬಿಗಿಹಿಡಿಯುವ ಕತ್ತರಿಯಾಕಾರದ ಚಿಮಟಗಳು, ಬಂದವು. ತಂದುಕೊಟ್ಟ ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್, "ಎಲ್ಲದಕ್ಕೂ ಒಂದ್ಸಲ ಬ್ಲಾಸ್ಟಿಂಗ್ ಮಾಡಿಬಿಡಿ ಸಾರ್, ಹೊಸದರ ಹಾಗೆ ಆಗ್ಲಿ" ಎಂದರು. ಬ್ಲಾಸ್ಟಿಂಗ್ ಅಂದರೆ ಗಾಳಿಯ ಒತ್ತಡದಿಂದ ಸಣ್ಣ ಮಣಿಗಳನ್ನೋ ಹರಳುಗಳನ್ನೋ ಚಿಮ್ಮಿಸಿ ಲೋಹದ ಮೇಲ್ಮೈಯನ್ನು ಶುಚಿಮಾಡುವುದು. ಹಾಗೆ ಕೇಳುವವರೇ ಹೆಚ್ಚು. ನಾನು ಮೊದಲು ಕೈಗೆತ್ತಿಕೊಂಡದ್ದು ಮಾತ್ರ ಮಕ್ಕಳ ಪೆನ್ಸಿಲ್ ರಬ್ಬರನ್ನು.

ಕಂದು ಕಲೆಯ ಮೇಲೆ ರಬ್ಬರಿನಿಂದ ಉಜ್ಜಿದಾಗ ಕಲೆ ಹೋಗಿ ಕೆಳಗೆ ನುಣುಪಾದ ಲೋಹ ಕಂಡರೆ, ಅದು ಗಡಸು ನೀರಿನದೋ ಸರಿಯಾಗಿ ತೊಳೆಯದೆ ಉಳಿದ ದ್ರಾವಣದ್ದೋ ಕಲೆ. ಉಜ್ಜಿದ ಮೇಲೂ ಸೂಜಿಮೊನೆಯಷ್ಟು ಕುಳಿ ಉಳಿದರೆ ಅದು ತುಕ್ಕು. ಹದಿನೈದರಲ್ಲಿ ಬರೀ ಕಲೆಯಿತ್ತು. ಅವನ್ನು ಬ್ಲಾಸ್ಟಿಂಗ್ ಪೆಟ್ಟಿಗೆಯೊಳಗೆ ಹಾಕುವುದೆಂದರೆ ಆರೋಗ್ಯವಂತನಿಗೆ ಆಪರೇಷನ್ ಮಾಡಿದಂತೆ. ಉಳಿದ ಒಂಬತ್ತನ್ನು ಭೂತಗನ್ನಡಿಯಲ್ಲಿ ನೋಡಿದಾಗ ಎರಡರ ಬಾಕ್ಸ್ ಲಾಕ್ (ಒಂದು ತೋಳು ಇನ್ನೊಂದರೊಳಗೆ ತೂರಿ ಕೂಡುವ ಕೀಲು) ಬಳಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಈ ಪರೀಕ್ಷೆಯನ್ನು ಬ್ಲಾಸ್ಟಿಂಗಿಗೆ ಮೊದಲೇ ಮಾಡಬೇಕು, ಏಕೆಂದರೆ ಮಣಿಗಳ ಹೊಡೆತಕ್ಕೆ ಮೇಲ್ಮೈಯ ಲೋಹ ಹರಡಿಕೊಂಡು ಬಿರುಕಿನ ಬಾಯಿ ಮುಚ್ಚಿಹೋಗಬಹುದು.

ಉಳಿದ ಏಳಕ್ಕೆ ಗಾಜಿನ ಮಣಿಯನ್ನೇ ಬಳಸಿದೆ. ಅಲ್ಯೂಮಿನಿಯಂ ಆಕ್ಸೈಡಿನ ಚೂಪು ಹರಳುಗಳು ಲೋಹವನ್ನು ಕೊರೆದು, ರಕ್ತದ ಕಣಗಳು ಕೂರುವಂಥ ಒರಟುತನವನ್ನು ಬಿಡುತ್ತವೆ. ದುಂಡನೆಯ ಗಾಜಿನ ಮಣಿಗಳಾದರೆ ಮೇಲ್ಮೈಯನ್ನು ತಟ್ಟಿ ತಟ್ಟಿ ಸಮನಾದ ಬೂದು ಮಂಕನ್ನು ಕೊಡುತ್ತವೆ, ಓಟಿ ದೀಪದ ಬೆಳಕು ಅದರಿಂದ ಸರ್ಜನ್ನರ ಕಣ್ಣಿಗೆ ಹೊಡೆಯುವುದಿಲ್ಲ. ಹಿಡಿತದ ಹಲ್ಲುಗಳಿಗೆ ಟೇಪು ಸುತ್ತಿ, ಒತ್ತಡವನ್ನು 3 ಬಾರ್‌ಗಿಂತ ಮೇಲೇರಿಸದೆ, ನಳಿಕೆಯನ್ನು ಗೇಣು ದೂರದಲ್ಲಿ ತುಸು ಓರೆಯಾಗಿ ಹಿಡಿಯುತ್ತೇನೆ. ಕತ್ತರಿಯ ಅಲಗಿಗಂತೂ ಮಣಿ ತಾಗಲೇಬಾರದು, ಹರಿತವೇ ಹೋಗಿಬಿಡುತ್ತದೆ. ಅಗ್ಗವೆಂದು ಹೊಳೆಯ ಮರಳನ್ನು ಸೂಚಿಸುವವರು ಈಗಲೂ ಇದ್ದಾರೆ; ಸಿಲಿಕಾ ದೂಳು ಶ್ವಾಸಕೋಶವನ್ನು ಗಟ್ಟಿಯಾಗಿಸುತ್ತದೆಂದು ಬ್ರಿಟನ್ 1950ರಲ್ಲೇ ಅದನ್ನು ಈ ಕೆಲಸದಿಂದ ನಿಷೇಧಿಸಿತ್ತು.

ನನ್ನ ಮೊದಲ ಮಳೆಗಾಲದಲ್ಲಿ ಆದ ತಪ್ಪೊಂದನ್ನು ಇಲ್ಲಿ ಹೇಳಲೇಬೇಕು. ಟ್ರ್ಯಾಕ್ಟರಿನ ಕಬ್ಬಿಣದ ಬಿಡಿಭಾಗಕ್ಕೆ ಬಳಸಿದ್ದ ಮಣಿಗಳಿಂದಲೇ ಒಂದು ಸೆಟ್ ಚಿಮಟಗಳನ್ನು ಮುಗಿಸಿಕೊಟ್ಟಿದ್ದೆ. ಮೂರನೆಯ ದಿನ ಅವು ಮೈತುಂಬ ಕಿತ್ತಳೆ ಚುಕ್ಕೆ ಹೊತ್ತು ಹಿಂದಿರುಗಿದವು. ಮಣಿಗಳೊಂದಿಗೆ ಬಂದ ಕಬ್ಬಿಣದ ಕಣಗಳು ಸ್ಟೀಲಿನ ಮೈಯಲ್ಲಿ ಕಚ್ಚಿಕೊಂಡು ಮಲೆನಾಡಿನ ತೇವಕ್ಕೆ ತುಕ್ಕು ಹಿಡಿದಿದ್ದವು. ಅಂದಿನಿಂದ ಈ ಕೆಲಸಕ್ಕೆ ಪ್ರತ್ಯೇಕ ಪೆಟ್ಟಿಗೆ, ಪ್ರತ್ಯೇಕ ಮಣಿ.

ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರೊಳಗಿನ ಕ್ರೋಮಿಯಂ ಕಟ್ಟಿಕೊಳ್ಳುವ, ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ. ಬ್ಲಾಸ್ಟಿಂಗ್ ಆ ಪೊರೆಯನ್ನು ಕಲಕುತ್ತದೆ. ಆದ್ದರಿಂದ ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ಪ್ಯಾಸಿವೇಷನ್ (ಪೊರೆ ಮತ್ತೆ ಸರಿಯಾಗಿ ಕಟ್ಟಿಕೊಳ್ಳುವಂತೆ ಮಾಡುವ ಕ್ರಿಯೆ) ಮಾಡದೆ ಯಾವ ಉಪಕರಣವನ್ನೂ ಹಿಂದಿರುಗಿಸುವುದಿಲ್ಲ. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಅದೇ ನೀರಿನಲ್ಲಿ ಆರಲು ಬಿಟ್ಟು, ಒಣಗಿದ ಮೇಲೆ ಚುಕ್ಕೆಗಳಿಗಾಗಿ ಹುಡುಕುತ್ತೇನೆ. ಬಾಕ್ಸ್ ಲಾಕಿನ ಸಂದಿನಲ್ಲಿ ಕೂತ ಮಣಿಪುಡಿಯನ್ನು ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಹೊರಡಿಸಲು ಈ ಸಲ ಅರ್ಧ ದಿನವೇ ಹಿಡಿಯಿತು.

ಬಿರುಕು ಬಿಟ್ಟ ಎರಡಕ್ಕೆ ಕೆಂಪು ಟೇಪು ಸುತ್ತಿ ಬೇರೆ ಪೊಟ್ಟಣ ಕಟ್ಟಿಕೊಟ್ಟೆ. ಬರೀ ತೊಳೆದ ಹದಿನೈದನ್ನೂ ಬ್ಲಾಸ್ಟಿಂಗ್ ಆದ ಏಳನ್ನೂ ಸಿಸ್ಟರ್ ಅಕ್ಕಪಕ್ಕ ಇಟ್ಟು ನೋಡಿ, "ಇವೆರಡೂ ಒಂದೇ ಬಣ್ಣ ಇಲ್ವಲ್ಲ ಸಾರ್" ಎಂದು ಸ್ವಲ್ಪ ಬೇಸರದಿಂದಲೇ ಬಿಲ್ ತೆಗೆದುಕೊಂಡರು.