ಒಂದೇ ಬಣ್ಣ ಬಳಿದರೆ ಆಯ್ದಿನ್ ಸಂಸ್ಥಾನ ಕಾಣುವುದಿಲ್ಲ

ಇತಿಹಾಸದ ಪುಸ್ತಕಗಳಿಗೆ ನಕ್ಷೆ ಬರೆದುಕೊಡುವುದು ನನ್ನ ಕೆಲಸ. ದೊಡ್ಡ ಸಾಮ್ರಾಜ್ಯವಾದರೆ ಸಲೀಸು: ಗಡಿ ಎಳೆದು, ಒಳಗೆ ಬಣ್ಣ ತುಂಬಿ, ಮೇಲೆ ರಾಜವಂಶದ ಹೆಸರು ಬರೆದರೆ ಸಂಪಾದಕರು ಒಪ್ಪಿಬಿಡುತ್ತಾರೆ. ತಲೆ ತಿನ್ನುವುದು ಸಣ್ಣ ಸಂಸ್ಥಾನಗಳು. ಪಶ್ಚಿಮ ಅನತೋಲಿಯಾದ, ಅಂದರೆ ಈಗಿನ ಟರ್ಕಿಯ, ಆಯ್ದಿನ್ ಎಂಬ ತುರ್ಕ ಸಂಸ್ಥಾನದ ನಕ್ಷೆ ಮಾಡುವಾಗ ಇದು ಚೆನ್ನಾಗಿ ಮನದಟ್ಟಾಯಿತು.

ನನಗೆ ಬಂದ ಸೂಚನೆ ಇಷ್ಟೇ: ‘ಆಯ್ದಿನ್, 14ನೇ ಶತಮಾನ’. ಯಾವ ವರ್ಷ ಎಂದು ಕೇಳಿದರೆ, ‘ಯಾವುದಾದರೂ ಹಾಕಿ ಸಾರ್’ ಅಂದರು. ಹಾಗೆ ಹಾಕಲು ಬರುವುದಿಲ್ಲ. ನೆರೆಯ ಗೆರ್ಮಿಯಾನ್ ಸಂಸ್ಥಾನದ ದಳಪತಿಯಾಗಿದ್ದ ಮೆಹ್ಮದ್ ಬೇ (ಬೇ ಎಂದರೆ ಒಡೆಯ) ಸುಮಾರು 1308ರಲ್ಲಿ ಬಿರ್ಗಿಯಲ್ಲಿ ತನ್ನದೇ ಆಳ್ವಿಕೆ ಶುರುಮಾಡಿದ. ಅಲ್ಲಿ 1312ರಲ್ಲಿ ಕಟ್ಟಿಸಿದ ದೊಡ್ಡ ಮಸೀದಿ ಈಗಲೂ ಇದೆ. ಆಗ ಕಡಲ ದಂಡೆಯ ಇಜ್ಮಿರ್ ಇವರದ್ದಲ್ಲ. ಅಲ್ಲಿನ ಗುಡ್ಡದ ಕೋಟೆ ಕೈಗೆ ಬಂದದ್ದು 1317ರಲ್ಲಿ. ಕೆಳಗಿನ ಬಂದರು ಕೋಟೆಯನ್ನು ಮಗ ಉಮೂರ್ ಜಿನೋವಾದವರಿಂದ ಕಿತ್ತುಕೊಂಡದ್ದು ಸುಮಾರು 1329ರಲ್ಲಿ. ಮೆಹ್ಮದ್ ಊರುಗಳನ್ನು ಮಕ್ಕಳಿಗೆ ಹಂಚಿದ್ದ: ಅಯಾಸುಲುಕ್ ಖಿಜಿರ್‌ಗೆ, ಇಜ್ಮಿರ್ ಉಮೂರ್‌ಗೆ, ತಿರೆ ಸುಲೇಮಾನ್‌ಗೆ, ಬೊದೆಮ್ಯಾ ಇಬ್ರಾಹಿಮ್‌ಗೆ. ಕಿರಿಯ ಮಗ ಈಸಾ ಬಿರ್ಗಿಯಲ್ಲೇ ಅಪ್ಪನ ಬಳಿ. ಈ ಮನೆತನಕ್ಕೆಲ್ಲ ಒಂದೇ ಹಸಿರು ಬಳಿದರೆ ಓದುಗನಿಗೆ ಏನು ತಿಳಿದಂತಾಯಿತು?

(ಅಂದ ಹಾಗೆ, 1330ರ ದಶಕದಲ್ಲಿ ಪ್ರವಾಸಿ ಇಬ್ನ್ ಬತೂತ ಈ ಮೆಹ್ಮದ್ ಬೇಯ ಅತಿಥಿಯಾಗಿದ್ದ. ಆಕಾಶದಿಂದ ಬಿದ್ದ ಕಪ್ಪು ಕಲ್ಲೊಂದನ್ನು ತರಿಸಿ ತೋರಿಸಿದರಂತೆ. ಕಲ್ಲುಕುಟಿಗರು ಸುತ್ತಿಗೆಯಿಂದ ಬಡಿದರೂ ಗುರುತು ಕೂಡ ಮೂಡಲಿಲ್ಲವಂತೆ. ಮುಂದೆ ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿ ಹುಡುಗಿಯರಿಗೇ 13 ಪಾಠಶಾಲೆಗಳಿದ್ದವು ಎಂದು ಬರೆದವನೂ ಇವನೇ.)

ನಿಜವಾದ ಪೇಚು ಇಜ್ಮಿರ್‌ನದು. ಪೋಪ್ ಆರನೇ ಕ್ಲೆಮೆಂಟ್ ಹೊರಡಿಸಿದ ನೌಕಾಪಡೆ 1344ರ ಅಕ್ಟೋಬರ್‌ನಲ್ಲಿ ಬಂದರು ಕೋಟೆಯನ್ನು ಹಿಡಿಯಿತು. ಗುಡ್ಡದ ಕೋಟೆ ಮಾತ್ರ ತುರ್ಕರ ಕೈಯಲ್ಲೇ ಉಳಿಯಿತು. ಅಲ್ಲಿಂದ 1402ರವರೆಗೆ, ಐವತ್ತೇಳು ಐವತ್ತೆಂಟು ವರ್ಷ, ಒಂದೇ ಊರಿನಲ್ಲಿ ಮೇಲೊಬ್ಬ ಒಡೆಯ, ಕೆಳಗೊಬ್ಬ ಒಡೆಯ. ನನ್ನ ಅಳತೆಯ ನಕ್ಷೆಯಲ್ಲಿ ಇವೆರಡೂ ಸೇರಿ ಒಂದೇ ಚುಕ್ಕೆ! ಆದರೆ ಸಂಸ್ಥಾನದ ಹಣೆಬರಹ ಇರುವುದೇ ಆ ಚುಕ್ಕೆಯೊಳಗೆ. ಉಮೂರ್‌ನ ಬಲ ಎಂದರೆ ಹಡಗು. ಬೈಜಾಂಟಿಯಮ್ ಸಾಮ್ರಾಜ್ಯದ ಅಂತರ್ಯುದ್ಧದಲ್ಲಿ, ಸಿಂಹಾಸನಕ್ಕಾಗಿ ಹೋರಾಡುತ್ತಿದ್ದ ಕಾಂತಕೂಜಿನೋಸ್ ಪರವಾಗಿ ಸಮುದ್ರದಾಚೆಯ ಥ್ರೇಸ್‌ವರೆಗೆ ದಂಡು ಒಯ್ದವನು ಅವನು. ಬಂದರು ಹೋದ ಮೇಲೆ ಅದನ್ನು ಮರಳಿ ಪಡೆಯಲು ಹೋಗಿ 1348ರಲ್ಲಿ ಅದೇ ಗೋಡೆಯ ಬುಡದಲ್ಲಿ ಬಾಣ ತಾಗಿ ಸತ್ತ. ಅಣ್ಣ ಖಿಜಿರ್ ಕಾದಾಟ ಬಿಟ್ಟು, ಕೋಟೆ ಹಿಡಿದವರಿಗೆ ಬಂದರಿನ ಸುಂಕದಲ್ಲಿ ಅರ್ಧ ಕೊಡುತ್ತೇನೆಂದು ಸಂಧಿಗೆ ಒಪ್ಪಿದ.

ಇದನ್ನು ಹೇಡಿತನ ಎಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ; ವ್ಯಾಪಾರ ನಿಂತಿದ್ದರೆ ಅವನ ಊರು ಅಯಾಸುಲುಕ್ ಉಳಿಯುತ್ತಿರಲಿಲ್ಲ. ಇಟಲಿಯ ವರ್ತಕರಿಗೆ ಸಲ್ಲಲೆಂದು ಆ ಊರಿನ ಟಂಕಸಾಲೆಯಲ್ಲಿ ಲ್ಯಾಟಿನ್ ಅಕ್ಷರದ ಬೆಳ್ಳಿ ನಾಣ್ಯ ಅಚ್ಚಾಗುತ್ತಿತ್ತು. ಈಸಾ ಬೇ 1375ರಲ್ಲಿ ಅಲ್ಲಿ ಕಟ್ಟಿಸಿದ ಮಸೀದಿಯ ಶಿಲ್ಪಿ ಡಮಾಸ್ಕಸ್ ಮೂಲದವನು. ಕಂಬಗಳು ಪಕ್ಕದ ಎಫೆಸಸ್‌ನ ಪಾಳಿನಿಂದ ಬಂದವು.

ಹಾಗಾಗಿ ಬಯಲಿಗೆ ಬಣ್ಣ ತುಂಬುವುದನ್ನೇ ಬಿಟ್ಟೆ. ಕೋಟೆ, ಬಂದರು, ಅವನ್ನು ಕೂಡಿಸುವ ಕಣಿವೆ ದಾರಿ, ಇಷ್ಟಕ್ಕೆ ಮಾತ್ರ ಬಣ್ಣ. ಇಜ್ಮಿರ್‌ಗೆ ಮೂಲೆಯಲ್ಲಿ ಪ್ರತ್ಯೇಕ ಒಳನಕ್ಷೆ, ಎರಡು ಕೋಟೆಗೂ ಬೇರೆ ಬೇರೆ ಗುರುತು. ಈಗ ಯಾವ ಸಂಸ್ಥಾನದ ಕೆಲಸ ಬಂದರೂ ಗೆರೆ ಎಳೆಯುವ ಮೊದಲು ಮೂರು ಪ್ರಶ್ನೆ ಕಳಿಸುತ್ತೇನೆ: ವರ್ಷ ಯಾವುದು, ಕೋಟೆಯಲ್ಲಿ ಯಾರಿದ್ದಾರೆ, ಸುಂಕ ಯಾರ ಜೇಬಿಗೆ?

ಕೊನೆಯ ಭಾಗ ಮಾತ್ರ ನಕ್ಷೆಗೆ ಒಗ್ಗಲೇ ಇಲ್ಲ. 1390ರಲ್ಲಿ ಒಟ್ಟೋಮನ್ ಸುಲ್ತಾನ ಬಾಯಜೀದ್ ಸಂಸ್ಥಾನವನ್ನು ನುಂಗಿದ. 1402ರಲ್ಲಿ ಅಂಕಾರದಲ್ಲಿ ಅವನನ್ನು ಸೋಲಿಸಿದ ತೈಮೂರ್ ಅದನ್ನು ಈಸಾನ ಮಕ್ಕಳಿಗೆ ಮರಳಿಸಿದ. ಅದೇ ಡಿಸೆಂಬರ್‌ನಲ್ಲಿ ಇಜ್ಮಿರ್‌ನ ಬಂದರು ಕೋಟೆಯನ್ನೂ ಹಿಡಿದು ಕೆಡವಿಸಿದ. ಆಮೇಲೆ ಅದೇ ವಂಶದವನೆಂದು ಹೇಳಲಾಗುವ ಜುನೈದ್‌ನ ಕಾಲ. ಒಮ್ಮೆ ಒಟ್ಟೋಮನ್ನರ ಅಧಿಕಾರಿ, ಇನ್ನೊಮ್ಮೆ ಒಟ್ಟೋಮನ್ ಸಿಂಹಾಸನ ತನ್ನದೆಂದ ಮುಸ್ತಫಾನ ಬೆಂಬಲಿಗ, ಅವನ ಕೈಬಿಟ್ಟು ಮತ್ತೆ ಆಯ್ದಿನ್‌ನ ಒಡೆಯ; 1425ರ ಹೊತ್ತಿಗೆ ಒಟ್ಟೋಮನ್ನರು ಅವನನ್ನು ಕೊಲ್ಲುವವರೆಗೂ ಇದೇ ಆಟ. ಸಂಪಾದಕರು ಬಾಣದ ಗುರುತು ಹಾಕಿ ಅಂದರು. ಹಾಕಿ ತೋರಿಸಿದೆ, ಅವರಿಗೇ ತಲೆಬುಡ ತಿಳಿಯಲಿಲ್ಲ. ಆ ಪುಟಕ್ಕೆ ನಕ್ಷೆ ತೆಗೆದು ಇಸವಿಗಳ ಪಟ್ಟಿ ಕೊಟ್ಟೆವು.