ಕೊರೊನಾ ವರ್ಷದಲ್ಲಿ ಚರ್ಚ್ ಶಾಲೆಗಳು ಹೇಗೆ ಉಳಿದವು?

ಕರಾವಳಿಯಲ್ಲಿ ಚರ್ಚಿನ ಮಗ್ಗುಲಲ್ಲೇ ಇರುವ ಕನ್ನಡ ಮಾಧ್ಯಮ ಅನುದಾನಿತ ಶಾಲೆಗಳ ಒಳಹೊರಗು ಬಲ್ಲವರಿಗೆ ಈಗಲೂ ಎದುರಾಗುವ ಪ್ರಶ್ನೆ ಇದು: “2020–21ರಲ್ಲಿ ಆ ಶಾಲೆಗಳು ಹೇಗೆ ಉಳಿದವು? ಆನ್‌ಲೈನ್ ತರಗತಿಯಿಂದಲೇ?”

ಅಲ್ಲ. ವಾಳೆಗಳಿಂದ ಉಳಿದವು.

ಮಂಗಳೂರು, ಉಡುಪಿ ಕಡೆ ಒಂದೊಂದು ಚರ್ಚಿನ ವ್ಯಾಪ್ತಿಯೂ ಹಲವು ವಾಳೆಗಳಾಗಿ, ಅಂದರೆ ನೆರೆಹೊರೆಯ ಮನೆಗಳ ಗುಂಪುಗಳಾಗಿ, ಹಂಚಿಕೊಂಡಿರುತ್ತದೆ. ಪ್ರತಿ ವಾಳೆಗೂ ಒಬ್ಬ ಮುಖಂಡ, ಗುರಿಕಾರ. ಯಾರ ಮನೆಯಲ್ಲಿ ಕಾಯಿಲೆ, ಯಾರ ಕೆಲಸ ಹೋಯಿತು ಎಂಬುದು ಅವರಿಗೆ ಮೊದಲು ಗೊತ್ತಾಗುತ್ತದೆ. ಈ ಶಾಲೆಗಳಿಗೆ ಬರುವ ಬಹಳಷ್ಟು ಮಕ್ಕಳು ಕ್ರೈಸ್ತರಲ್ಲ, ಆದರೆ ನೆರೆಮನೆಯವರು. ಹಾಗಾಗಿ ಗುರಿಕಾರರಿಗೆ ಅವರ ಅಂಗಳವೂ ಪರಿಚಿತ.

ಆನ್‌ಲೈನ್ ಎಲ್ಲಿ ಸೋತಿತು ಅಂದರೆ, ಮನೆಯಲ್ಲಿ ಇರುವುದು ಒಂದೇ ಫೋನು, ಅದೂ ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ. ಹತ್ತು ಗಂಟೆಯ ತರಗತಿ ಯಾರಿಗೆ? ವಿಡಿಯೊ ಕಳಿಸಿದರೆ ದಿನದ ಡೇಟಾ ಅಣ್ಣನ ಪಾಠಕ್ಕೇ ಮುಗಿದು ತಂಗಿಗೆ ಉಳಿಯುವುದಿಲ್ಲ. ಇದನ್ನು ಬೇಗ ಅರ್ಥ ಮಾಡಿಕೊಂಡ ಟೀಚರುಗಳು ವಿಡಿಯೊ ಬಿಟ್ಟು ಮೂರು ನಿಮಿಷದ ಧ್ವನಿಸಂದೇಶಕ್ಕೆ ಬಂದರು. ಮಕ್ಕಳಿಗೆ ಫೋನ್ ಮಾಡುವ ಹೊತ್ತನ್ನು ಸಂಜೆ ಏಳರ ನಂತರಕ್ಕೆ ತಳ್ಳಿದರು. ಫೋನೇ ಇಲ್ಲದ ಮನೆಗೆ ವಾಳೆಯ ಮೂಲಕ ಕಾಗದದ ಪಾಠ.

ಆ ಕಾಗದದ ಕಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ವಾರಕ್ಕೆ ಎಂಟು ಪುಟ ಸಾಕು. ಹದಿನಾರು ಕೊಟ್ಟರೆ ಖಾಲಿ ವಾಪಸಾಗುತ್ತದೆ. ಮೊದಲ ಪುಟದಲ್ಲಿ ಹಿಂದಿನ ವಾರದ್ದೇ ನಾಲ್ಕು ಲೆಕ್ಕ, ಮಗು ಧೈರ್ಯದಿಂದ ಶುರು ಮಾಡಲಿ ಎಂದು. ಉತ್ತರಕ್ಕೆ ಜಾಗ ಅದೇ ಹಾಳೆಯಲ್ಲಿ, ಏಕೆಂದರೆ ಅಂಗಡಿ ಮುಚ್ಚಿದಾಗ ಹೊಸ ನೋಟ್‌ಬುಕ್ ಎಲ್ಲಿಂದ? ಸೋಮವಾರ ವಾಳೆಗೆ ಹೋಗಿ ಶನಿವಾರ ಮರಳಿದ ಕಟ್ಟನ್ನು ಮೂರು ದಿನ ಹಾಗೇ ಇಟ್ಟು ಆಮೇಲೆ ತಿದ್ದುವುದು. ತಿದ್ದಿದ ಹಾಳೆ ಮತ್ತೆ ಮಗುವಿನ ಕೈಸೇರದಿದ್ದರೆ ಮೂರನೆಯ ವಾರಕ್ಕೆ ಬರವಣಿಗೆ ನಿಂತುಬಿಡುತ್ತದೆ. ಕೆಂಪು ಶಾಯಿಯ ಎರಡು ಸಾಲು ಬೇಕೇ ಬೇಕು.

2020ರ ಆಗಸ್ಟ್‌ನಲ್ಲಿ, ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಬಂದಾಗಲೂ ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಎಂದೇ ಗುಂಪು ಮಾಡಲಾಯಿತು. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದು ನಿಂತು, 2021ರ ಜನವರಿ 1ರಂದು ಮತ್ತೆ ಶುರುವಾಯಿತು. ನಡುವಿನ ತಿಂಗಳುಗಳಲ್ಲಿ ಎಷ್ಟೋ ಮಕ್ಕಳ ಪಾಲಿಗೆ ಶಾಲೆ ಎಂದರೆ ಆ ಕಟ್ಟು ಮಾತ್ರ.

ಹೊಟ್ಟೆಯ ಲೆಕ್ಕ ಬೇರೆ. ಬಿಸಿಯೂಟದ ಅಕ್ಕಿ ಐದನೆಯವರೆಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟಕ್ಕೆ 150. ಇಪ್ಪತ್ತೈದು ದಿನಕ್ಕೆ ಎರಡೂವರೆ ಕಿಲೋ, ಮೂರೂಮುಕ್ಕಾಲು ಕಿಲೋ. ಅಡುಗೆಯ ಬದಲು ಧಾನ್ಯವನ್ನೇ ಕೊಟ್ಟಾಗ ಅದು ಇಡೀ ಮನೆಯ ಪಾತ್ರೆಗೆ ಬೀಳುತ್ತದೆ, ವಾರದೊಳಗೆ ಮುಗಿಯುತ್ತದೆ. ಅಂಥ ಮನೆಗಳನ್ನು ಬಡವರಿಗೆ ನೆರವಾಗುವ ಚರ್ಚ್ ಸಂಘಟನೆಯಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ನೋಡಿಕೊಂಡರು. ಇಬ್ಬಿಬ್ಬರಾಗಿ ಮನೆಭೇಟಿ ಮಾಡುವುದು ಅವರ ಹಳೆಯ ಪದ್ಧತಿ.

ನಿಜವಾಗಿ ನೋವು ತಿಂದವರು ಗೌರವ ಶಿಕ್ಷಕಿಯರು. ಸರ್ಕಾರದ ಸಂಬಳ ಮಂಜೂರಾದ ಹುದ್ದೆಗೆ ಮಾತ್ರ. ನಿವೃತ್ತರ ಜಾಗ ವರ್ಷಗಟ್ಟಲೆ ತುಂಬುವುದಿಲ್ಲ, ಅಲ್ಲಿ ಪಾಠ ಮಾಡುವವರಿಗೆ ಆಡಳಿತ ಮಂಡಳಿಯೇ ಕೊಡಬೇಕು. ಮೂವರಿಗೆ ತಲಾ 8,000 ಎಂದಿಟ್ಟುಕೊಂಡರೂ ವರ್ಷಕ್ಕೆ 2,88,000 ರೂಪಾಯಿ. 2020ರ ಜೂನ್‌ವರೆಗೆ ಚರ್ಚೇ ಮುಚ್ಚಿದ್ದರಿಂದ ಕಾಣಿಕೆಯಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಬಡ ಮಕ್ಕಳ ಶುಲ್ಕಕ್ಕೆ ಸರ್ಕಾರ ಕೊಡುವ ಮರುಪಾವತಿ ಅನುದಾನರಹಿತ ಶಾಲೆಗಳಿಗೆ, ಹಾಗಾಗಿ ಅದೂ ಇಲ್ಲ. ಅರ್ಧ ಸಂಬಳಕ್ಕೆ ಎಂಟು ಪುಟ ತಿದ್ದಿದವರ ಹೆಸರು ಯಾವ ಸನ್ಮಾನದಲ್ಲೂ ಬರಲಿಲ್ಲ. ಅದು ತಪ್ಪು, ಸರಿಪಡಿಸಲೇಬೇಕಾದ ತಪ್ಪು.

ಈಗ “ಏನು ಉಳಿಸಿಕೊಳ್ಳಬೇಕು?” ಎಂದು ಕೇಳುವ ಶಾಲೆಗಳಿಗೆ: ಮನೆಗಳ ಪಟ್ಟಿ. ಪ್ರತಿ ಜೂನಿನಲ್ಲಿ ಹೊಸದಾಗಿ ಬರೆಯಿರಿ. ಫೋನ್ ನಂಬರು ರೀಚಾರ್ಜ್ ಇಲ್ಲದೆ ಸಾಯುತ್ತದೆ, ಆದ್ದರಿಂದ ಎರಡನೆಯ ಕಾಲಂ ನೆರೆಮನೆಯವರ ನಂಬರಿಗೆ. ಮೂರನೆಯದು ಮನೆಗೆ ಹೋಗುವ ದಾರಿಗೆ: ಯಾವ ಕಟ್ಟಪುಣಿ (ಗದ್ದೆಯ ಬದು), ಯಾವ ಬಾವಿಯ ಹತ್ತಿರ ತಿರುಗಬೇಕು, ಮಳೆಗಾಲದಲ್ಲಿ ಸಂಕ (ಕಾಲುಸೇತುವೆ) ದಾಟಬಹುದೇ ಇಲ್ಲವೇ.